ಅಂಚೆ ಚೀಲ ಹೊತ್ತ ಪೈಲಟ್: ಲಿಂಡ್‌ಬರ್ಗ್‌ನ ಮೊದಲ ಕೆಲಸ

ಪ್ಲೇಸ್‌ಮೆಂಟ್ ಸೀಸನ್ ಶುರುವಾಯಿತು ಅಂದ್ರೆ ಕ್ಯಾಂಟೀನ್‌ನಲ್ಲಿ ಕಿವಿಗೆ ಬೀಳೋದು ಮೂರೇ ಪ್ರಶ್ನೆ. ಯಾವ ಕಂಪನಿ? ಎಷ್ಟು ಪ್ಯಾಕೇಜ್? ಪೋಸ್ಟಿಂಗ್ ಎಲ್ಲಿ? ಅಲ್ಲಿಗೆ ಹೋದ ಮೇಲೆ ದಿನಾ ಮಾಡಬೇಕಾದ ಕೆಲಸ ಏನು ಅಂತ ಕೇಳುವವರು ಕಡಿಮೆ. ಸೆಕೆಂಡ್ ಇಯರ್‌ನಲ್ಲಿರೋ ನನಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಚಾರ್ಲ್ಸ್ ಲಿಂಡ್‌ಬರ್ಗ್ ಬಗ್ಗೆ ಓದಿದ ಮೇಲೆ ಹೊಳೆಯಿತು.

ಲಿಂಡ್‌ಬರ್ಗ್ ಅಂದರೆ ನಮಗೆ ಗೊತ್ತಿರೋದು ಒಂದೇ ಸಾಲು. 1927ರಲ್ಲಿ ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ ಎಲ್ಲೂ ಇಳಿಯದೆ ಒಬ್ಬನೇ ವಿಮಾನ ಹಾರಿಸಿಕೊಂಡು ಹೋದ ಮೊದಲ ಮನುಷ್ಯ. ಕ್ವಿಜ್‌ನಲ್ಲಿ ಒಂದು ಮಾರ್ಕಿನ ಉತ್ತರ ಅಷ್ಟೆ. ಅದಕ್ಕೆ ಒಂದು ವರ್ಷ ಮುಂಚೆ ಅವನು ಏನು ಮಾಡ್ತಿದ್ದ ಗೊತ್ತಾ? ಒಂದು ಸಣ್ಣ ಪ್ರಾದೇಶಿಕ ಕಂಪನಿಯಲ್ಲಿ, ಯುದ್ಧದ ಕಾಲದ ಹಳೇ ವಿಮಾನದಲ್ಲಿ, ಎರಡು ಊರುಗಳ ನಡುವೆ ಅಂಚೆ ಚೀಲ ಸಾಗಿಸ್ತಿದ್ದ. ಪೈಲಟ್ ಆಗಿ ಅವನು ಒಂದು ವಿಮಾನ ಮಾರ್ಗದಲ್ಲಿ ಹಿಡಿದ ಮೊದಲ ಕೆಲಸ ಅದು. ಆ ಕೆಲಸ ಇಲ್ಲದಿದ್ದರೆ ಪ್ಯಾರಿಸ್ ಹಾರಾಟವೂ ಇರುತ್ತಿರಲಿಲ್ಲ ಅನ್ನೋದು ನನ್ನ ನಂಬಿಕೆ. ಯಾಕೆ ಅಂತ ಮೊದಲಿನಿಂದ ಹೇಳ್ತೀನಿ.

ಅವನೂ ಸೆಕೆಂಡ್ ಇಯರೇ

ಚಾರ್ಲ್ಸ್ ಅಗಸ್ಟಸ್ ಲಿಂಡ್‌ಬರ್ಗ್ ಹುಟ್ಟಿದ್ದು 1902ರ ಫೆಬ್ರವರಿ 4ರಂದು, ಅಮೆರಿಕದ ಡೆಟ್ರಾಯಿಟ್‌ನಲ್ಲಿ. ಬೆಳೆದದ್ದು ಮಿನ್ನೆಸೋಟ ರಾಜ್ಯದ ಲಿಟಲ್ ಫಾಲ್ಸ್ ಅನ್ನೋ ಊರಿನ ಹತ್ತಿರ, ಮಿಸಿಸಿಪ್ಪಿ ನದಿ ದಡದ ತೋಟದ ಮನೆಯಲ್ಲಿ. ಅಪ್ಪ ವಕೀಲರು, ಹತ್ತು ವರ್ಷ ಅಮೆರಿಕದ ಕಾಂಗ್ರೆಸ್ ಸದಸ್ಯರಾಗಿದ್ದವರು. ಅಮ್ಮ ಕೆಮಿಸ್ಟ್ರಿ ಟೀಚರ್. ಹುಡುಗನಿಗೆ ಓದಿಗಿಂತ ಯಂತ್ರಗಳ ಹುಚ್ಚು.

ಹಾಗಾಗಿ 1920ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರಿದ. ಮಗನ ಜೊತೆ ಇರಬೇಕು ಅಂತ ಅಮ್ಮನೂ ಅದೇ ಊರಿಗೆ ಬಂದು ಮನೆ ಮಾಡಿದರು. ಆದರೂ ಓದು ಹತ್ತಲಿಲ್ಲ. ಮೋಟಾರ್‌ಸೈಕಲ್, ರೈಫಲ್ ಶೂಟಿಂಗ್ ತಂಡ, ಇವುಗಳಲ್ಲಿದ್ದ ಮನಸ್ಸು ಕ್ಲಾಸಿನಲ್ಲಿ ಇರಲಿಲ್ಲ. ಸಬ್ಜೆಕ್ಟುಗಳು ಒಂದೊಂದಾಗಿ ಹೋದವು. 1922ರ ಶುರುವಿನಲ್ಲಿ, ಸೆಕೆಂಡ್ ಇಯರ್ ಮಧ್ಯದಲ್ಲೇ, ಕಾಲೇಜು ಮುಗಿದಂತೆಯೇ ಆಯಿತು.

ಇಲ್ಲಿ ಒಂದು ಮಾತು. ಇದನ್ನು ಓದಿ, ಡ್ರಾಪ್ ಔಟ್ ಆದವರೇ ಉದ್ಧಾರ ಆಗೋದು ಅಂತ ಯಾರೂ ತಿಳ್ಕೋಬೇಡಿ. ಅವನ ಮುಂದಿನ ಕಥೆ ಓದಿದರೆ ಗೊತ್ತಾಗುತ್ತೆ, ಓದು ಅವನನ್ನು ಬಿಡಲಿಲ್ಲ, ಬೇರೆ ಜಾಗದಲ್ಲಿ ಹಿಡಿದುಕೊಂಡಿತು.

ಮೋಟಾರ್‌ಸೈಕಲ್ ಹತ್ತಿ ನೆಬ್ರಾಸ್ಕದ ಲಿಂಕನ್ ನಗರಕ್ಕೆ ಹೋದ. ಅಲ್ಲಿನ ಒಂದು ವಿಮಾನ ಕಂಪನಿ ಹಾರಾಟ ಕಲಿಸ್ತಿತ್ತು. 1922ರ ಏಪ್ರಿಲ್ 9ರಂದು ಮೊದಲ ಸಲ ಆಕಾಶಕ್ಕೆ ಏರಿದ, ಪ್ರಯಾಣಿಕನಾಗಿ. ಎಂಟು ಗಂಟೆಯಷ್ಟು ಪಾಠ ಆಯಿತು. ಇನ್ನೇನು ಒಬ್ಬನೇ ಹಾರಿಸಬೇಕು ಅನ್ನುವಾಗ ಮಾಲೀಕರು ಡೆಪಾಸಿಟ್ ಕೇಳಿದರು, ವಿಮಾನ ಮುರಿದರೆ ಅಂತ. ಕೈಯಲ್ಲಿ ದುಡ್ಡಿಲ್ಲ. ಅಷ್ಟರಲ್ಲಿ ಕಲಿಸುವ ವಿಮಾನವನ್ನೇ ಅವರು ಮಾರಿಬಿಟ್ಟರು. ಫೀಸು ಕಟ್ಟಿದ ಹುಡುಗ ಸೋಲೋ ಹಾರಾಟ ಮಾಡದೆಯೇ ಹೊರಗೆ ಬಂದ.

ಆಮೇಲೆ ಸುಮಾರು ಒಂದು ವರ್ಷ ಊರೂರು ಸುತ್ತಿದ. ಆ ಕಾಲದ ಅಮೆರಿಕದಲ್ಲಿ ಹಳೇ ಮಿಲಿಟರಿ ವಿಮಾನ ಕೊಂಡ ಪೈಲಟ್‌ಗಳು ಹಳ್ಳಿಗಳಿಗೆ ಬಂದು, ಹುಲ್ಲುಗಾವಲಲ್ಲಿ ಇಳಿದು, ಐದು ಡಾಲರ್‌ಗೆ ಒಂದು ಸುತ್ತು ಹಾಕಿಸ್ತಿದ್ದರು. ನಮ್ಮ ಜಾತ್ರೆಯ ಜಯಂಟ್ ವೀಲ್ ಥರ ಅಂದುಕೊಳ್ಳಿ. ಲಿಂಡ್‌ಬರ್ಗ್ ಅಂಥವರ ಜೊತೆ ಸೇರಿ, ಹಾರುವ ವಿಮಾನದ ರೆಕ್ಕೆ ಮೇಲೆ ನಡೆದು ತೋರಿಸಿದ, ಪ್ಯಾರಾಶೂಟಿನಲ್ಲಿ ಜಿಗಿದ, ಎಂಜಿನ್ ರಿಪೇರಿ ಮಾಡಿದ. 1923ರಲ್ಲಿ ಜಾರ್ಜಿಯಾದ ಅಮೆರಿಕಸ್ ಅನ್ನೋ ಊರಿನಲ್ಲಿ 500 ಡಾಲರ್ ಕೊಟ್ಟು ಒಂದು ಹಳೇ ಕರ್ಟಿಸ್ ಜೆನ್ನಿ ವಿಮಾನ ಕೊಂಡ. ಲೈಸೆನ್ಸ್ ಇದೆಯಾ ಅಂತ ಯಾರೂ ಕೇಳಲಿಲ್ಲ, ಆಗ ಅಲ್ಲಿ ಅಂಥ ಕಾನೂನೇ ಇರಲಿಲ್ಲ. ಆರು ತಿಂಗಳಿಂದ ವಿಮಾನ ಮುಟ್ಟಿರದ ಹುಡುಗ ಏರಿಸಲು ಹೋಗಿ ಹೇಗೋ ಬಚಾವಾಗಿ ಇಳಿದ. ನೋಡುತ್ತಿದ್ದ ಅಪರಿಚಿತ ಪೈಲಟ್ ಒಬ್ಬ ಪಾಪ ಅಂತ ಜೊತೆಗೆ ಕೂತು ಕೆಲವು ಸುತ್ತು ಹಾಕಿಸಿದ. ಅದೇ ದಿನ ಸಂಜೆ ಲಿಂಡ್‌ಬರ್ಗ್ ಮೊದಲ ಬಾರಿಗೆ ಒಬ್ಬನೇ ಹಾರಿದ.

ಫೇಲಾದವನು ಫಸ್ಟ್ ಬಂದ

ಜೆನ್ನಿಯಲ್ಲಿ ಸುತ್ತಿ ಸುತ್ತಿ ಅವನಿಗೆ ಒಂದು ವಿಷಯ ಅರ್ಥ ಆಯಿತು. ಒಳ್ಳೆಯ ವಿಮಾನ, ಒಳ್ಳೆಯ ತರಬೇತಿ ಎರಡೂ ಇರುವುದು ಸೈನ್ಯದಲ್ಲಿ ಮಾತ್ರ. 1924ರ ಮಾರ್ಚ್‌ನಲ್ಲಿ ಟೆಕ್ಸಸ್‌ನ ಬ್ರೂಕ್ಸ್ ಫೀಲ್ಡ್‌ಗೆ ಕೆಡೆಟ್ ಆಗಿ ಸೇರಿದ. ಅಲ್ಲಿ ಹಾರಾಟದ ಜೊತೆ ಎಂಜಿನ್, ನ್ಯಾವಿಗೇಶನ್, ಹವಾಮಾನ ಅಂತ ಎಲ್ಲಾ ಪರೀಕ್ಷೆ. ಒಂದರಲ್ಲಿ ಫೇಲಾದರೂ ಮನೆಗೆ. ವಿಸ್ಕಾನ್ಸಿನ್‌ನಲ್ಲಿ ಪುಸ್ತಕ ಕಂಡರೆ ಆಗದವನು ಇಲ್ಲಿ ಹಗಲೂ ರಾತ್ರಿ ಓದಿದ. ಓದಿದ್ದು ನಾಳೆ ಬೆಳಿಗ್ಗೆ ತನ್ನ ಪ್ರಾಣ ಉಳಿಸುತ್ತೆ ಅಂತ ಕಣ್ಣಿಗೆ ಕಾಣ್ತಿತ್ತಲ್ಲ, ಅದಕ್ಕೆ ಇರಬೇಕು. ಆ ತರಬೇತಿಯ ನಡುವೆಯೇ ಅಪ್ಪ ತೀರಿಕೊಂಡರು.

104 ಜನ ಶುರು ಮಾಡಿದ ಬ್ಯಾಚಿನಲ್ಲಿ ಕೊನೆಗೆ ಉಳಿದದ್ದು 18 ಜನ. ಅವರಲ್ಲಿ ಮೊದಲನೆಯವನು ಲಿಂಡ್‌ಬರ್ಗ್. ಕೋರ್ಸ್ ಮುಗಿಯಲು ಎಂಟು ದಿನ ಇರುವಾಗ, ಅಭ್ಯಾಸದಲ್ಲಿ ಇನ್ನೊಂದು ವಿಮಾನಕ್ಕೆ ಆಕಾಶದಲ್ಲೇ ಡಿಕ್ಕಿ ಹೊಡೆದು, ಪ್ಯಾರಾಶೂಟಿನಲ್ಲಿ ಜಿಗಿದು ಬದುಕಿದ. ಇನ್ನೊಬ್ಬ ಪೈಲಟ್ ಕೂಡ ಬದುಕಿದ.

1925ರ ಮಾರ್ಚ್. ಕೈಯಲ್ಲಿ ರಿಸರ್ವ್ ಸೆಕೆಂಡ್ ಲೆಫ್ಟಿನೆಂಟ್ ಪದವಿ. ಆದರೆ ಯುದ್ಧ ಮುಗಿದು ಆರು ವರ್ಷ ದಾಟಿದ್ದ ಕಾಲ, ಸೈನ್ಯಕ್ಕೆ ಹೊಸ ಪೈಲಟ್‌ಗಳು ಬೇಕಿರಲಿಲ್ಲ. ಕ್ಲಾಸಿಗೇ ಫಸ್ಟ್ ಬಂದರೂ ಕೆಲಸ ಇಲ್ಲ. ಇದು ನಮಗೆ ಹೊಸದಲ್ಲ ಬಿಡಿ.

ಮೂರು ದಾರಿ

ಆಗ 23 ವರ್ಷದ ಅವನ ಮುಂದೆ ಇದ್ದ ದಾರಿಗಳನ್ನು ನೋಡೋಣ.

ಒಂದು, ಹಳೆಯ ಜಾತ್ರೆ ಹಾರಾಟಕ್ಕೆ ವಾಪಸ್ ಹೋಗುವುದು. ದುಡ್ಡು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಆದರೆ ಯಾರ ಕೈಕೆಳಗೂ ಇರಬೇಕಿಲ್ಲ. ಎರಡು, ಪ್ರದರ್ಶನ ಕೊಡುವ ಕಂಪನಿಗಳು. ಅದೇ ವರ್ಷ ಅವನು ಡೆನ್ವರ್‌ಗೆ ಹೋಗಿ ಒಂದು ಹಾರುವ ಸರ್ಕಸ್ ಕಂಪನಿಗೆ ಕೆಲವು ಕಾಲ ಕೆಲಸ ಮಾಡಿಯೂ ಬಂದ. ಚಪ್ಪಾಳೆ ಬೇಕಾದಷ್ಟು. ಮೂರನೆಯದು ಸೇಂಟ್ ಲೂಯಿಸ್ ನಗರದ ರಾಬರ್ಟ್‌ಸನ್ ಏರ್‌ಕ್ರಾಫ್ಟ್ ಕಾರ್ಪೊರೇಶನ್.

ರಾಬರ್ಟ್‌ಸನ್ ಸೋದರರು ಸೈನ್ಯದ ಹಳೇ ವಿಮಾನ ಕೊಂಡು, ರಿಪೇರಿ ಮಾಡಿ, ಮಾರುತ್ತಿದ್ದವರು. 1925ರ ಫೆಬ್ರವರಿಯಲ್ಲಿ ಅಮೆರಿಕ ಸರ್ಕಾರ ಒಂದು ಕಾನೂನು ತಂದಿತ್ತು. ಅದುವರೆಗೆ ಸರ್ಕಾರವೇ ವಿಮಾನದಲ್ಲಿ ಅಂಚೆ ಸಾಗಿಸ್ತಿತ್ತು. ಇನ್ನು ಮುಂದೆ ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಡಬಹುದು ಅಂತ ಆಯಿತು. ಪ್ರಯಾಣಿಕರು ವಿಮಾನ ಹತ್ತಲು ಹೆದರುತ್ತಿದ್ದ ಕಾಲ ಅದು. ಅಂಚೆ ಚೀಲಕ್ಕೆ ಹೆದರಿಕೆ ಇಲ್ಲ, ದುಡ್ಡು ಕೊಡುವುದು ಸರ್ಕಾರ. ಅಮೆರಿಕದ ಏರ್‌ಲೈನ್‌ಗಳು ಬೆಳೆದದ್ದೇ ಈ ಗುತ್ತಿಗೆಗಳಿಂದ. ಸೇಂಟ್ ಲೂಯಿಸ್‌ನಿಂದ ಷಿಕಾಗೋಗೆ ಹೋಗುವ ಎರಡನೇ ನಂಬರ್ ಮಾರ್ಗಕ್ಕೆ ರಾಬರ್ಟ್‌ಸನ್ ಕಂಪನಿ ಟೆಂಡರ್ ಹಾಕಿತು. ಟೆಂಡರ್ ಸಿಕ್ಕರೆ ನೀನೇ ಚೀಫ್ ಪೈಲಟ್ ಅಂತ ಲಿಂಡ್‌ಬರ್ಗ್‌ಗೆ ಹೇಳಿದರು. 1923ರ ವಿಮಾನ ರೇಸ್ ನೋಡಲು ಬಂದಾಗಿನಿಂದ ಅವನು ಆ ಊರಿನ ಲ್ಯಾಂಬರ್ಟ್ ಫೀಲ್ಡ್‌ನಲ್ಲಿ ಎಲ್ಲರಿಗೂ ಪರಿಚಯ.

ಇದನ್ನೇ ಭಾರತದಲ್ಲಿ ಕೆಲವು ವರ್ಷ ಆದ ಮೇಲೆ ಜೆ.ಆರ್.ಡಿ. ಟಾಟಾ ಮಾಡಿದರು. 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಬಾಂಬೆಗೆ ಅಂಚೆ ಹೊತ್ತ ಸಣ್ಣ ಪುಸ್ ಮಾತ್ ವಿಮಾನವನ್ನು ಅವರೇ ಹಾರಿಸಿಕೊಂಡು ಬಂದರು. ಬಾಂಬೆಯಿಂದ ಮುಂದೆ ಮದ್ರಾಸ್‌ಗೆ ಹಾರಿಸಿದವರು ನೆವಿಲ್ ವಿನ್ಸೆಂಟ್. ದಾರಿಯಲ್ಲಿ ಅವರ ವಿಮಾನ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ. ಏರ್ ಇಂಡಿಯಾದ ಬೇರು ಇರೋದು ಅಲ್ಲೇ, ಅಂಚೆ ಚೀಲದಲ್ಲಿ.

ವಾಪಸ್ ಸೇಂಟ್ ಲೂಯಿಸ್‌ಗೆ ಬರೋಣ. ಈಗಿನ ಭಾಷೆಯಲ್ಲಿ ಹೇಳಬೇಕಂದ್ರೆ ರಾಬರ್ಟ್‌ಸನ್ ಆಫರ್ ಕೆಟ್ಟದಾಗಿತ್ತು. ಟೆಂಡರ್ ಸಿಗುತ್ತೋ ಇಲ್ವೋ ಗೊತ್ತಿಲ್ಲ. ಸಿಕ್ಕಿದ್ದು 1925ರ ಅಕ್ಟೋಬರ್‌ನಲ್ಲಿ, ಹಾರಾಟ ಶುರುವಾಗಿದ್ದು 1926ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಅವನು ಹೊಸಬರಿಗೆ ಹಾರಾಟ ಕಲಿಸಿ, ವಿಮಾನ ಟೆಸ್ಟ್ ಮಾಡಿ ಹೊಟ್ಟೆ ಹೊರೆದ. ಹಾಗೆ ಟೆಸ್ಟ್ ಮಾಡುವಾಗ ಒಂದು ವಿಮಾನ ಸುಳಿಗೆ ಸಿಕ್ಕಿ ಮೇಲೇಳಲೇ ಇಲ್ಲ. ಎರಡನೇ ಸಲ ಪ್ಯಾರಾಶೂಟ್‌ನಲ್ಲಿ ಜಿಗಿದ.

ಕಂಪನಿಯ ವಿಮಾನಗಳೋ, ಡಿಎಚ್-4. ಮೊದಲ ಮಹಾಯುದ್ಧದ್ದು. ಬಿದ್ದರೆ ಬೆಂಕಿ ಹತ್ತುತ್ತೆ ಅಂತ ಪೈಲಟ್‌ಗಳು ಅದನ್ನು ಉರಿಯುವ ಶವಪೆಟ್ಟಿಗೆ ಅಂತ ಕರೀತಿದ್ದರು. ಸರ್ಕಾರಿ ಅಂಚೆ ವಿಮಾನ ಶುರುವಾದ 1918ರಿಂದ ಆ ಸೇವೆಯಲ್ಲಿ 30ಕ್ಕೂ ಹೆಚ್ಚು ಪೈಲಟ್‌ಗಳು ಸತ್ತಿದ್ದರು.

ಹಾಗಿದ್ದರೂ ಅವನು ಯಾಕೆ ಒಪ್ಪಿಕೊಂಡ? ನನಗೆ ಕಾಣೋದು ಎರಡು ಕಾರಣ. ಒಂದು, ಇಲ್ಲಿ ಹಾರೋದು ಬಿಸಿಲಿದ್ದಾಗ ಜನರನ್ನು ರಂಜಿಸಲು ಅಲ್ಲ, ಮಳೆ ಮಂಜು ಏನೇ ಇದ್ದರೂ ಹೊತ್ತಿಗೆ ಸರಿಯಾಗಿ ತಲುಪಲು. ಆ ವಿದ್ಯೆ ಬೇರೆ ಎಲ್ಲೂ ಸಿಗುತ್ತಿರಲಿಲ್ಲ. ಎರಡು, 24ನೇ ವಯಸ್ಸಿಗೆ ಒಂದು ಇಡೀ ಮಾರ್ಗವನ್ನು ಸೊನ್ನೆಯಿಂದ ಕಟ್ಟುವ ಜವಾಬ್ದಾರಿ. ದೊಡ್ಡ ಕಡೆ ಹೋಗಿದ್ದರೆ ಯಾರೋ ಕಟ್ಟಿದ ಮಾರ್ಗದಲ್ಲಿ ಹಾರಬೇಕಿತ್ತು.

ಹಾಗಂತ ಕಣ್ಣು ಮುಚ್ಚಿ ಸಹಿ ಹಾಕಲಿಲ್ಲ. ತನ್ನ ಕಡೆಯಿಂದ ಷರತ್ತು ಇಟ್ಟ. ಪ್ರತಿ ಪೈಲಟ್‌ಗೂ ಹೊಸ ರೇಷ್ಮೆ ಪ್ಯಾರಾಶೂಟ್ ಕೊಡಬೇಕು, ಅದನ್ನು ಬಳಸಿ ಜಿಗಿದವನನ್ನು ಯಾರೂ ಬೈಯಬಾರದು. ಸಂಬಳದ ಚೌಕಾಸಿಗಿಂತ ಈ ಚೌಕಾಸಿ ನನಗೆ ದೊಡ್ಡದಾಗಿ ಕಾಣುತ್ತೆ. ಆ ಷರತ್ತು ಇಲ್ಲದಿದ್ದರೆ ಈ ಲೇಖನವೇ ಇರ್ತಿರಲಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

278 ಮೈಲಿ

ಸೇಂಟ್ ಲೂಯಿಸ್‌ನಿಂದ ಷಿಕಾಗೋ 278 ಮೈಲಿ, ಅಂದರೆ ಸುಮಾರು 450 ಕಿಲೋಮೀಟರ್. ಹೆಚ್ಚುಕಡಿಮೆ ನಮ್ಮ ಬೆಂಗಳೂರಿನಿಂದ ಧಾರವಾಡಕ್ಕೆ ಹೋದಷ್ಟು ದೂರ. ದಾರಿಯಲ್ಲಿ ಸ್ಪ್ರಿಂಗ್‌ಫೀಲ್ಡ್, ಪಿಯೋರಿಯಾ ಎರಡು ನಿಲ್ದಾಣ. ವಾರಕ್ಕೆ ಐದು ಸಲ ಹೋಗಿ ಬರಬೇಕು. ಸಂಜೆ ಷಿಕಾಗೋ ತಲುಪಿದರೆ ಅಲ್ಲಿಂದ ರಾತ್ರಿ ಹೊರಡುವ ನ್ಯೂಯಾರ್ಕ್ ವಿಮಾನಕ್ಕೆ ಪತ್ರಗಳು ಸೇರುತ್ತವೆ. ರೈಲಿಗೆ ಹೋಲಿಸಿದರೆ ಒಂದು ದಿನದ ಉಳಿತಾಯ. ಬ್ಯಾಂಕುಗಳಿಗೆ ಚೆಕ್ ಒಂದು ದಿನ ಮುಂಚೆ ತಲುಪಿದರೆ ಒಂದು ದಿನದ ಬಡ್ಡಿ ಉಳಿಯುತ್ತೆ. ಇಡೀ ವ್ಯಾಪಾರ ನಿಂತಿದ್ದೇ ಆ ಒಂದು ದಿನದ ಮೇಲೆ. ಒಂದು ಸಂಜೆ ತಡವಾದರೂ ಪತ್ರ ರೈಲಿನಲ್ಲಿ ಹೋದಂತೆಯೇ ಲೆಕ್ಕ.

ಲಿಂಡ್‌ಬರ್ಗ್ ಮೊದಲು ದಾರಿ ಸರ್ವೇ ಮಾಡಿದ. ಎಂಜಿನ್ ಕೈಕೊಟ್ಟರೆ ಇಳಿಯಲು ಒಂಬತ್ತು ಜಾಗ ಗುರುತಿಸಿದ, ಬಹುಪಾಲು ರೈತರ ಹುಲ್ಲುಗಾವಲು. ಜೊತೆಗೆ ಇಬ್ಬರು ಪೈಲಟ್‌ಗಳನ್ನು ಆರಿಸಿಕೊಂಡ. ಒಬ್ಬ ಸೈನ್ಯದ ತರಬೇತಿಯಲ್ಲಿ ಜೊತೆಗಿದ್ದ ಫಿಲಿಪ್ ಲವ್, ಇನ್ನೊಬ್ಬ ಥಾಮಸ್ ನೆಲ್ಸನ್. 1926ರ ಏಪ್ರಿಲ್ 15ರಂದು ಮೊದಲ ಅಂಚೆ ಹಾರಿತು.

ಮೊದಲ ದಿನ ಸಮಾರಂಭ, ಫೋಟೊ, ಜನ. ಆಮೇಲೆ ಯಾರೂ ತಿರುಗಿ ನೋಡಲಿಲ್ಲ. ಎಷ್ಟೋ ದಿನ ಚೀಲದಲ್ಲಿ ಪತ್ರಗಳು ತೀರಾ ಕಡಿಮೆ ಇರುತ್ತಿದ್ದವು. ಆದರೂ ಹೋಗಲೇಬೇಕು. ಡಿಎಚ್-4ರ ಮುಂದಿನ ಸೀಟು ತೆಗೆದು ಅಲ್ಲಿ ಅಂಚೆ ಇಡ್ತಿದ್ದರು, ಪೈಲಟ್ ಹಿಂದೆ, ಮೇಲೆ ಮುಚ್ಚಿಗೆ ಇಲ್ಲ. ರೇಡಿಯೊ ಇಲ್ಲ. ಆ ಮಾರ್ಗದಲ್ಲಿ ದೀಪದ ಕಂಬಗಳೂ ಇಲ್ಲ. ಬೇಸಿಗೆಯಲ್ಲಿ ಪರವಾಗಿಲ್ಲ, ಹಗಲು ಉದ್ದ. ಚಳಿಗಾಲದಲ್ಲಿ ಅರ್ಧ ದಾರಿಗೇ ಕತ್ತಲೆ. ರೈಲು ಹಳಿ, ನದಿ, ಊರಿನ ದೀಪಗಳ ಆಕಾರ, ಇವನ್ನೇ ನೋಡಿಕೊಂಡು ಹೋಗಬೇಕು. ಇಷ್ಟೆಲ್ಲ ಇದ್ದರೂ ಗೊತ್ತುಮಾಡಿದ ಹಾರಾಟಗಳಲ್ಲಿ ಬಹುತೇಕ ಎಲ್ಲವನ್ನೂ ಆ ಮೂವರು ಮುಗಿಸಿದರು.

1926ರ ಸೆಪ್ಟೆಂಬರ್ 16ರ ಸಂಜೆ ನಡೆದದ್ದನ್ನು ನಾವು ಎಂಜಿನಿಯರಿಂಗ್‌ನವರು ಗಮನಿಸಿ ಓದಬೇಕು. ಲಿಂಡ್‌ಬರ್ಗ್ ಷಿಕಾಗೋ ಕಡೆ ಹೊರಟಿದ್ದ. ಪಿಯೋರಿಯಾ ದಾಟಿದ ಮೇಲೆ ಮಂಜು. ಷಿಕಾಗೋದ ಮೇಲೆ ಬಂದರೆ ನೆಲವೇ ಕಾಣಲ್ಲ. ಕೆಳಗಿದ್ದವರು ಸರ್ಚ್‌ಲೈಟ್ ಹಾಕಿದರು, ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದರು, ಆದರೂ ಮಂಜು ದಾಟಿ ಮೇಲೆ ಏನೂ ಕಾಣಲಿಲ್ಲ. ಅವನು ಸುತ್ತು ಹೊಡೀತಾ ಇದ್ದ, ಇನ್ನೂ ಪೆಟ್ರೋಲ್ ಇದೆ ಅನ್ನೋ ಧೈರ್ಯದಲ್ಲಿ. ಎಂಜಿನ್ ಇದ್ದಕ್ಕಿದ್ದಂತೆ ನಿಂತಿತು. ಲೆಕ್ಕದ ಪ್ರಕಾರ ನಿಲ್ಲಬಾರದಿತ್ತು.

ಆದದ್ದು ಇಷ್ಟು. ಆ ವಿಮಾನದ 110 ಗ್ಯಾಲನ್ ಟ್ಯಾಂಕ್ ಸೋರುತ್ತಿತ್ತು ಅಂತ ತೆಗೆದು 85 ಗ್ಯಾಲನ್‌ನದ್ದು ಹಾಕಿದ್ದರು. ಪೈಲಟ್‌ಗೆ ಯಾರೂ ಹೇಳಿರಲಿಲ್ಲ. ಅವನ ತಲೆಯಲ್ಲಿದ್ದ ಲೆಕ್ಕ ಸರಿ, ಆದರೆ ಟ್ಯಾಂಕ್ ಬೇರೆ. ರಿಸರ್ವ್ ಟ್ಯಾಂಕಿನಲ್ಲಿದ್ದ ಸುಮಾರು ಇಪ್ಪತ್ತು ನಿಮಿಷದ ಪೆಟ್ರೋಲಿನಲ್ಲಿ ಜನ ಇಲ್ಲದ ಬಯಲಿನ ಕಡೆ ತಿರುಗಿದ. ಅದೂ ಮುಗಿದಾಗ ಕತ್ತಲೆಗೆ ಜಿಗಿದ. ಪ್ಯಾರಾಶೂಟ್ ಬಿಚ್ಚಿ ತೇಲುತ್ತಿರುವಾಗ ಎಂಜಿನ್ ಸದ್ದು ಮತ್ತೆ ಕೇಳಿಸಿತು! ಪೆಟ್ರೋಲ್ ಮುಗಿಯಿತು ಅಂತ ಅವನು ಸ್ವಿಚ್ ಆರಿಸಿರಲಿಲ್ಲ. ವಿಮಾನ ಮೂಗು ತಗ್ಗಿಸಿದಾಗ ತಳದಲ್ಲಿ ಉಳಿದಿದ್ದ ಪೆಟ್ರೋಲ್ ಮುಂದಕ್ಕೆ ಹರಿದು ಎಂಜಿನ್ ಮತ್ತೆ ಹೊತ್ತಿಕೊಂಡಿತ್ತು. ಯಾರೂ ಇಲ್ಲದ ವಿಮಾನ ಅವನ ಸುತ್ತಲೇ ಗಿರಕಿ ಹೊಡೆಯುತ್ತಾ ಇಳಿಯಿತು. ಅವನು ಜೋಳದ ಹೊಲದಲ್ಲಿ ಬಿದ್ದ. ವಿಮಾನ ಹುಡುಕಿ, ಅದರಲ್ಲಿದ್ದ ಅಂಚೆ ಚೀಲ ತೆಗೆದು, ಹತ್ತಿರದ ಊರಿನ ಅಂಚೆ ಕಚೇರಿಗೆ ಒಪ್ಪಿಸಿದ. ಪತ್ರಗಳು ರೈಲಿನಲ್ಲಿ ಮುಂದೆ ಹೋದವು.

ನವೆಂಬರ್ 3ರಂದು ಮತ್ತೆ ಅದೇ ಕಥೆ. ಹಿಮ, ಮಂಜು, ಇಳಿಯಲು ಜಾಗ ಕಾಣಲ್ಲ, ಪೆಟ್ರೋಲ್ ಖಾಲಿ, ನಾಲ್ಕನೇ ಜಿಗಿತ. ಈ ಸಲ ಮುಳ್ಳುತಂತಿ ಬೇಲಿ ಮೇಲೆ ಬಿದ್ದ, ದಪ್ಪ ಬಟ್ಟೆ ಕಾಪಾಡಿತು. ಎರಡು ಸಲವೂ ಕೆಲಸ ಹೋಗಲಿಲ್ಲ, ಬೈಗುಳವೂ ಸಿಗಲಿಲ್ಲ. ಷರತ್ತು ಹಾಕಿದ್ದು ನೆನಪಿದೆಯಲ್ಲ?

ಅಂಚೆ ಮಾರ್ಗದಿಂದ ಪ್ಯಾರಿಸ್‌ಗೆ

ಆ ವರ್ಷದ ಸೆಪ್ಟೆಂಬರ್‌ನಲ್ಲೇ, ಅಂಚೆ ಹೊತ್ತು ಒಬ್ಬನೇ ಹಾರುವಾಗ ಅವನಿಗೆ ಪ್ಯಾರಿಸ್ ಯೋಚನೆ ಬಂದದ್ದು. ನ್ಯೂಯಾರ್ಕ್ ಮತ್ತು ಪ್ಯಾರಿಸ್ ನಡುವೆ ನಿಲ್ಲದೆ ಹಾರಿದವರಿಗೆ 25,000 ಡಾಲರ್ ಬಹುಮಾನ ಕೊಡ್ತೀನಿ ಅಂತ ರೇಮಂಡ್ ಓರ್ಟೈಗ್ ಅನ್ನೋ ಹೋಟೆಲ್ ಮಾಲೀಕರು 1919ರಲ್ಲೇ ಘೋಷಿಸಿದ್ದರು. ಹೆಸರುವಾಸಿ ಪೈಲಟ್‌ಗಳು ಮೂರು ಎಂಜಿನ್‌ನ ದೊಡ್ಡ ವಿಮಾನ, ನಾಲ್ಕು ಜನರ ತಂಡ ಅಂತ ತಯಾರಿ ಮಾಡ್ತಿದ್ದರು. ಫ್ರಾನ್ಸಿನ ರೆನೆ ಫಾಂಕ್ ಸೆಪ್ಟೆಂಬರ್ 21ರಂದು ಅಂಥದ್ದೇ ವಿಮಾನದಲ್ಲಿ ಹೊರಟರು. ಭಾರಕ್ಕೆ ಅದು ನೆಲ ಬಿಡಲೇ ಇಲ್ಲ, ಮಗುಚಿ ಉರಿಯಿತು. ಇಬ್ಬರು ಸತ್ತರು.

ಲಿಂಡ್‌ಬರ್ಗ್ ಯೋಚಿಸಿದ್ದು ತಿರುಗುಮುರುಗು. ಒಂದು ಎಂಜಿನ್, ಒಬ್ಬ ಮನುಷ್ಯ, ಉಳಿದ ಜಾಗದಲ್ಲೆಲ್ಲ ಪೆಟ್ರೋಲ್. ಎಂಜಿನ್ ಜಾಸ್ತಿಯಾದರೆ ಕೆಡುವ ಸಾಧ್ಯತೆಯೂ ಜಾಸ್ತಿ, ಭಾರವೂ ಜಾಸ್ತಿ. ಒಬ್ಬನೇ ಕತ್ತಲೆಯಲ್ಲಿ, ಮಂಜಿನಲ್ಲಿ ಗಂಟೆಗಟ್ಟಲೆ ಹಾರುವುದು ಬೇರೆಯವರಿಗೆ ಹುಚ್ಚುತನ. ಅವನಿಗೆ ಅದು ಡ್ಯೂಟಿ. ಪೆಟ್ರೋಲ್ ಲೆಕ್ಕ ತಪ್ಪಿದರೆ ಏನಾಗುತ್ತೆ ಅಂತ ಅವನಷ್ಟು ಚೆನ್ನಾಗಿ ತಿಳಿದವರು ಕಡಿಮೆ.

ದುಡ್ಡು? ಇಲ್ಲೂ ಆ ಕೆಲಸವೇ ಕೈಹಿಡಿಯಿತು. ತಾನು ಹಾರಾಟ ಹೇಳಿಕೊಟ್ಟಿದ್ದ ಇನ್ಶೂರೆನ್ಸ್ ಉದ್ಯಮಿ ಅರ್ಲ್ ಥಾಂಪ್ಸನ್ ಮನೆಗೆ ಹೋಗಿ ಯೋಜನೆ ಹೇಳಿದ. ಆಮೇಲೆ ಮೇಜರ್ ಲ್ಯಾಂಬರ್ಟ್, ಷೇರು ವ್ಯಾಪಾರಿ ಹ್ಯಾರಿ ನೈಟ್, ಬ್ಯಾಂಕರ್ ಹ್ಯಾರಲ್ಡ್ ಬಿಕ್ಸ್‌ಬಿ ಒಬ್ಬೊಬ್ಬರಾಗಿ ಸೇರಿದರು. ರಾಬರ್ಟ್‌ಸನ್ ಸೋದರರು ರಜೆ ಕೊಟ್ಟರು, ಜೊತೆಗೆ ಸಾವಿರ ಡಾಲರ್ ಕೂಡ ಕೊಟ್ಟರು. ತನ್ನ ಉಳಿತಾಯ 2,000 ಡಾಲರ್ ಹಾಕಿದ. ಒಟ್ಟು ಬಜೆಟ್ 15,000 ಡಾಲರ್. ಇಷ್ಟು ಜನ ನಂಬಿದ್ದು ಯಾವುದೋ ಸರ್ಟಿಫಿಕೇಟ್ ನೋಡಿ ಅಲ್ಲ, ಆ ಹುಡುಗ ಮಳೆಯಲ್ಲೂ ಅಂಚೆ ತಲುಪಿಸುವುದನ್ನು ಕಣ್ಣಾರೆ ನೋಡಿ. ವಿಮಾನಕ್ಕೆ ಸ್ಪಿರಿಟ್ ಆಫ್ ಸೇಂಟ್ ಲೂಯಿಸ್ ಅಂತ ಹೆಸರು ಬಂದದ್ದು ಇದಕ್ಕೇ.

ನ್ಯೂಯಾರ್ಕ್‌ನ ಒಂದು ಕಂಪನಿ ವಿಮಾನ ಮಾರಲು ಒಪ್ಪಿತು, ಆದರೆ ಪೈಲಟ್ ಯಾರು ಅಂತ ನಾವು ಹೇಳ್ತೀವಿ ಅಂದಿತು. ಲಿಂಡ್‌ಬರ್ಗ್ ಎದ್ದು ಬಂದ. ಕೊನೆಗೆ ಸ್ಯಾನ್ ಡಿಯಾಗೋದ ರಯಾನ್ ಕಂಪನಿ ಒಪ್ಪಿಕೊಂಡಿತು. ಅದೂ ಸಣ್ಣದೇ, ಸ್ಯಾನ್ ಡಿಯಾಗೋದಿಂದ ಲಾಸ್ ಏಂಜಲಿಸ್‌ಗೆ ವಿಮಾನ ಓಡಿಸಿದ್ದ ಕಂಪನಿ. ಎಂಜಿನಿಯರ್ ಡೊನಾಲ್ಡ್ ಹಾಲ್ ಜೊತೆ ಲಿಂಡ್‌ಬರ್ಗ್ ದಿನಾ ಕೂತ. ದೊಡ್ಡ ಪೆಟ್ರೋಲ್ ಟ್ಯಾಂಕ್ ತನ್ನ ಮುಂದೆ ಇರಲಿ ಅಂದ. ಹಿಂದೆ ಇದ್ದರೆ, ಬಿದ್ದಾಗ ಎಂಜಿನ್‌ಗೂ ಟ್ಯಾಂಕಿಗೂ ನಡುವೆ ಪೈಲಟ್ ಅಪ್ಪಚ್ಚಿ. ಅದರಿಂದ ಮುಂದೆ ನೋಡಲು ಕಿಟಕಿಯೇ ಇಲ್ಲದಂತಾಯಿತು, ಒಂದು ಪೆರಿಸ್ಕೋಪ್ ಹಾಕಿಕೊಂಡ. ಭಾರ ಉಳಿಸಲು ರೇಡಿಯೊ ಬಿಟ್ಟ, ಬೆತ್ತದ ಕುರ್ಚಿ ಹಾಕಿಸಿದ, ಕೊನೆಗೆ ನಾಲ್ಕು ಸಲ ಪ್ರಾಣ ಉಳಿಸಿದ ಪ್ಯಾರಾಶೂಟ್ ಕೂಡ ಬಿಟ್ಟ. ಎರಡು ತಿಂಗಳಲ್ಲಿ ವಿಮಾನ ತಯಾರಾಯಿತು.

ಅಷ್ಟರಲ್ಲಿ ಏಪ್ರಿಲ್‌ನಲ್ಲಿ ಇಬ್ಬರು ಅಮೆರಿಕನ್ನರು ಪರೀಕ್ಷಾ ಹಾರಾಟದಲ್ಲಿ ಸತ್ತರು. ಮೇ 8ರಂದು ಪ್ಯಾರಿಸ್‌ನಿಂದ ಹೊರಟ ನಂಜೆಸ್ಸರ್ ಮತ್ತು ಕೋಲಿ ಕಾಣೆಯಾದರು. 1927ರ ಮೇ 20ರ ಬೆಳಿಗ್ಗೆ 7:52ಕ್ಕೆ ಲಿಂಡ್‌ಬರ್ಗ್ ನ್ಯೂಯಾರ್ಕ್‌ನ ರೂಸ್‌ವೆಲ್ಟ್ ಫೀಲ್ಡ್‌ನ ಕೆಸರು ನೆಲದಿಂದ 450 ಗ್ಯಾಲನ್ ಪೆಟ್ರೋಲ್ ಹೊತ್ತು ಎದ್ದ. ಮಂಜು, ರೆಕ್ಕೆಗೆ ಹಿಮ, ಎಲ್ಲಕ್ಕಿಂತ ಹೆಚ್ಚಾಗಿ ನಿದ್ದೆ. 33 ಗಂಟೆ 30 ನಿಮಿಷ, ಸುಮಾರು 5,800 ಕಿಲೋಮೀಟರ್. ಮಾರನೇ ದಿನ ರಾತ್ರಿ ಪ್ಯಾರಿಸ್‌ನ ಲ ಬೂರ್ಜೆಯಲ್ಲಿ ಇಳಿದಾಗ ಲಕ್ಷಕ್ಕೂ ಹೆಚ್ಚು ಜನ ಕಾಯ್ತಿದ್ದರು. ಅವನಿಗೆ 25 ವರ್ಷ.

ಆಮೇಲಿನದು

ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತೆ, ಆದರೆ ಪೂರ್ತಿ ಸತ್ಯ ಆಗಲ್ಲ. 1932ರಲ್ಲಿ ಅವನ ಇಪ್ಪತ್ತು ತಿಂಗಳ ಮಗುವನ್ನು ಯಾರೋ ಅಪಹರಿಸಿ ಕೊಂದರು. ಆ ದುಃಖ, ಪತ್ರಿಕೆಯವರ ಕಾಟ ತಾಳದೆ ಕುಟುಂಬ ಯುರೋಪಿಗೆ ಹೋಯಿತು. 1938ರಲ್ಲಿ ಜರ್ಮನಿಯಲ್ಲಿ ಗೋರಿಂಗ್ ಕೈಯಿಂದ ನಾಜಿ ಸರ್ಕಾರದ ಪದಕ ತಗೊಂಡ. ಎರಡನೇ ಮಹಾಯುದ್ಧಕ್ಕೆ ಅಮೆರಿಕ ಸೇರಬಾರದು ಅಂತ ಊರೂರು ಭಾಷಣ ಮಾಡಿದ. 1941ರ ಸೆಪ್ಟೆಂಬರ್‌ನಲ್ಲಿ ದೇಶವನ್ನು ಯುದ್ಧಕ್ಕೆ ತಳ್ಳುತ್ತಿರುವವರಲ್ಲಿ ಯಹೂದಿಗಳೂ ಒಬ್ಬರು ಅಂತ ಆರೋಪಿಸಿದ. ಹೊತ್ತು ಮೆರೆಸಿದ ದೇಶವೇ ಅವನ ಮೇಲೆ ತಿರುಗಿಬಿತ್ತು, ಸರಿಯಾಗಿಯೇ ತಿರುಗಿಬಿತ್ತು. ಆಮೇಲೆ ಪೆಸಿಫಿಕ್ ಯುದ್ಧದಲ್ಲಿ, ಕಡಿಮೆ ಪೆಟ್ರೋಲಿನಲ್ಲಿ ದೂರ ಹಾರುವುದನ್ನು ಅಮೆರಿಕದ ಪೈಲಟ್‌ಗಳಿಗೆ ಹೇಳಿಕೊಟ್ಟ. ಅಂಚೆ ದಿನಗಳ ಪಾಠ ಅಲ್ಲೂ ಕೆಲಸಕ್ಕೆ ಬಂತು. 1974ರ ಆಗಸ್ಟ್ 26ರಂದು ಹವಾಯಿಯಲ್ಲಿ ತೀರಿಕೊಂಡ.

ನನಗೆ ಅನಿಸೋದು ಇಷ್ಟು. ತನ್ನ ಲೆಕ್ಕವನ್ನು ಮಾತ್ರ ನಂಬೋ ಗುಣ ಕಾಕ್‌ಪಿಟ್‌ನಲ್ಲಿ ಅವನನ್ನು ಉಳಿಸಿತು. ಟ್ಯಾಂಕ್ ಬದಲಾಗಿದೆ ಅಂತ ಯಾರೂ ಹೇಳದಿದ್ದಾಗ ಪ್ಯಾರಾಶೂಟ್ ಇತ್ತು. ರಾಜಕೀಯಕ್ಕೆ ಇಳಿದಾಗ ಹೇಳುವವರು ಬೇಕಾದಷ್ಟು ಇದ್ದರು, ಇವನು ಕೇಳಲಿಲ್ಲ. ಒಂದು ಕೆಲಸ ಕಲಿಸಿದ್ದು ಎಲ್ಲಾ ಕಡೆ ನಡೆಯಲ್ಲ.

ಆದರೂ ಮೊದಲ ಕೆಲಸದ ಬಗ್ಗೆ ಅವನ ಆಯ್ಕೆಯಿಂದ ಕಲಿಯೋದು ಇದೆ. ಈಗಲೂ ಅಮೆರಿಕದ ಹೊಸ ಪೈಲಟ್‌ಗಳು ಹೊಸಬರಿಗೆ ಕಲಿಸುತ್ತಾ 1,500 ಗಂಟೆ ಸೇರಿಸಿ, ಆಮೇಲೆ ಸಣ್ಣ ಊರುಗಳ ನಡುವೆ ಹಾರುವ ರೀಜನಲ್ ಏರ್‌ಲೈನ್‌ಗೆ ಸೇರುತ್ತಾರೆ. ದೊಡ್ಡ ವಿಮಾನ ಅದಾದ ಮೇಲೆ. ನಮ್ಮಲ್ಲೂ 200 ಗಂಟೆ ಹಾರಿ ಲೈಸೆನ್ಸ್ ಪಡೆದವರು ಎಟಿಆರ್ ಸೀಟು ಸಿಕ್ಕರೆ ಸಾಕು ಅಂತ ಕಾಯುತ್ತಾರೆ. ಯಾವ ಕಂಪನಿಯಾದರೂ ಸರಿ ಅನ್ನಿಸುವ ಹೊತ್ತಿನಲ್ಲೇ ಲಿಂಡ್‌ಬರ್ಗ್ ಕೇಳಿದ ಪ್ರಶ್ನೆಗಳು ಬೇಕು. ನಾನಿಲ್ಲಿ ಏನು ಕಲಿತೀನಿ? ನನ್ನ ಕೈಗೆ ಎಷ್ಟು ಜವಾಬ್ದಾರಿ ಬರುತ್ತೆ? ನಾನು ಬಿದ್ದರೆ ಪ್ಯಾರಾಶೂಟ್ ಇದೆಯಾ, ಬಳಸಿದರೆ ಬೈತಾರಾ? ಇವು ಪೈಲಟ್‌ಗಳಿಗೆ ಮಾತ್ರ ಅಲ್ಲ, ಲ್ಯಾಪ್‌ಟಾಪ್ ಮುಂದೆ ಕೂರುವ ನಮಗೂ ಅನ್ವಯ.

ಒಂದು ಕೊನೆಯ ವಿಷಯ. 1928ರ ಫೆಬ್ರವರಿಯಲ್ಲಿ, ಜಗತ್ತಿನಲ್ಲೇ ಅತ್ಯಂತ ಪ್ರಸಿದ್ಧನಾದ ಮೇಲೆ, ಲಿಂಡ್‌ಬರ್ಗ್ ಎರಡು ದಿನದ ಮಟ್ಟಿಗೆ ರಾಬರ್ಟ್‌ಸನ್ ಕಂಪನಿಗೆ ವಾಪಸ್ ಬಂದ. ಅದೇ ಸೇಂಟ್ ಲೂಯಿಸ್, ಅದೇ ಷಿಕಾಗೋ, ಅದೇ ಅಂಚೆ. ಈ ಸಲ ಚೀಲಗಳು ತುಂಬಿ ತುಳುಕುತ್ತಿದ್ದವು, ಅವನು ಹಾರಿಸುವ ವಿಮಾನದಲ್ಲಿ ತಮ್ಮದೂ ಒಂದು ಪತ್ರ ಹೋಗಲಿ ಅಂತ ಜನ ಮುಗಿಬಿದ್ದಿದ್ದರು. ಎರಡು ವರ್ಷದ ಹಿಂದೆ ಖಾಲಿ ಚೀಲ ಹೊತ್ತು ಕತ್ತಲೆಯಲ್ಲಿ ಹಾರುತ್ತಿದ್ದಾಗಲೂ ಮಾರ್ಗ ಅದೇ, ಮನುಷ್ಯನೂ ಅವನೇ. ಆ ಸಣ್ಣ ಕಂಪನಿ ಮುಂದೆ ಬೇರೆ ಕಂಪನಿಗಳ ಜೊತೆ ಸೇರಿ ಅಮೆರಿಕನ್ ಏರ್‌ಲೈನ್ಸ್ ಆಯಿತು. 1926ರ ಏಪ್ರಿಲ್ 15ರ ಆ ಅಂಚೆ ಹಾರಾಟವನ್ನೇ ಅವರು ಇವತ್ತಿಗೂ ತಮ್ಮ ಶುರು ಅಂತ ಹೇಳಿಕೊಳ್ಳುತ್ತಾರೆ.